ಪೊಲೀಸರಿಗೆ ಚೆನ್ನಾಗಿ ಗೊತ್ತಿರುವ ಮನೆತನ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ 28 ವರ್ಷ ಗುಮಾಸ್ತಿಕೆ ಮಾಡಿದ ನನ್ನನ್ನು ನೆಂಟರಿಷ್ಟರೆಲ್ಲ ಇಂಗ್ಲಿಷ್ ಬಲ್ಲವನೆಂದು ನಂಬಿದ್ದರು. ಆ ನಂಬಿಕೆಯನ್ನು ಕೆಡಿಸುವ ಅಗತ್ಯ ನನಗೂ ಕಂಡಿರಲಿಲ್ಲ. ನಾನು ಬರೆಯುತ್ತಿದ್ದ ಪತ್ರಗಳಲ್ಲಿ ಮನುಷ್ಯರೇ ಇರುತ್ತಿರಲಿಲ್ಲ. ಕಾಫಿ ಬೀಜ ತಾನಾಗಿ ಒಣಗಿಸಲ್ಪಡುತ್ತಿತ್ತು, ಗೋಣಿಚೀಲಗಳಲ್ಲಿ ತುಂಬಲ್ಪಡುತ್ತಿತ್ತು, ಲಾರಿಗೆ ಹೇರಲ್ಪಟ್ಟು ಮಂಗಳೂರಿಗೆ ಕಳುಹಿಸಲ್ಪಡುತ್ತಿತ್ತು. ಯಾರು ಮಾಡಿದರೆಂದು ಹೇಳುವಂತಿರಲಿಲ್ಲ, ಏಕೆಂದರೆ ಚೀಲ ಒದ್ದೆಯಾಗಿ ತಲುಪಿದ ದಿನ ಅದನ್ನೂ ಯಾರೂ ಮಾಡಿರಬಾರದಿತ್ತು. ಇಂಗ್ಲಿಷಿನ ಕರ್ಮಣಿ ಪ್ರಯೋಗವು ಗುಮಾಸ್ತರನ್ನು ಕಾಪಾಡಲೆಂದೇ ಹುಟ್ಟಿದೆಯೆಂದು ನಾನು ಆಗ ತಿಳಿದಿದ್ದೆ.

ನಿವೃತ್ತನಾದ ಮೇಲೆ, ಮೂಡಿಗೆರೆಯ ಹತ್ತಿರ ತೋಟದ ಮನೆಯನ್ನೇ ಹೋಂಸ್ಟೇ ಮಾಡಿಕೊಂಡಿದ್ದ ಚಿಕ್ಕಪ್ಪನ ಮಗ ಒಂದು ಹಾಳೆ ಹಿಡಿದುಕೊಂಡು ಬಂದ. "ಅಣ್ಣ, ಇದನ್ನ ಇಂಗ್ಲಿಷಲ್ಲಿ ಬರ್ಕೊಡು, ಫಾರಿನ್ನವರೂ ಬರ್ತಾರೆ," ಎಂದ. ಅವನ ಕನ್ನಡ ಸರಳವಾಗಿತ್ತು: ಬಂದವರನ್ನು ಮನೆಯೊಳಗೆ ಬರಮಾಡಿಕೊಳ್ಳುತ್ತೇವೆ, ನಮ್ಮ ಜೊತೆಗೇ ಇಟ್ಟುಕೊಳ್ಳುತ್ತೇವೆ, ನಮ್ಮ ಮನೆತನ ಊರಿನವರಿಗೂ ಪೊಲೀಸರಿಗೂ ಚೆನ್ನಾಗಿ ಗೊತ್ತು, ಹೆದರಬೇಕಾಗಿಲ್ಲ. ನಾನು ನನ್ನ ಅಭ್ಯಾಸದಂತೆ ಎಲ್ಲವನ್ನೂ ಕರ್ಮಣಿಗೆ ತಿರುಗಿಸಿ, 'ಗೆಸ್ಟ್ಸ್ ಆರ್ ಟೇಕನ್ ಇನ್ ಬೈ ಅವರ್ ಫ್ಯಾಮಿಲಿ' ಎಂದು ಆರಂಭಿಸಿದೆ. ಎರಡನೆಯ ವಾಕ್ಯದಲ್ಲಿ 'ಪುಟ್ ಅಪ್' ಎಂದಷ್ಟೇ ಬರೆದರೆ ಗೋಡೆಗೆ ಮೊಳೆ ಹೊಡೆದಂತೆ ಒಣಒಣವಾಗಿ ಕಂಡಿತು. 'ಜೊತೆಗೆ' ಎಂಬುದಕ್ಕೆ 'ವಿತ್' ಇದೆಯಲ್ಲ ಎಂದು ಹೊಳೆದು, 'ಆಲ್ ಗೆಸ್ಟ್ಸ್ ಆರ್ ಪುಟ್ ಅಪ್ ವಿತ್' ಎಂದು ತಿದ್ದಿದೆ. ಮೂರನೆಯದು 'ಅವರ್ ಫ್ಯಾಮಿಲಿ ಈಸ್ ವೆಲ್ ನೋನ್ ಟು ದ ಪೊಲೀಸ್'. ತಮ್ಮ ಐನೂರು ಪ್ರತಿ ಅಚ್ಚು ಹಾಕಿಸಿದ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನಿಂದ ಬಂದಿಳಿದವರು, ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದ ಒಬ್ಬ ಅಜ್ಜಿ. ಕರಪತ್ರ ಬರೆದವನನ್ನು ನೋಡಲೇಬೇಕೆಂದು ಅವರು ಹಟ ಹಿಡಿದರೆಂದು ತಮ್ಮ ಫೋನು ಮಾಡಿದಾಗ, ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ಸು ಹತ್ತಿದೆ. ಜಗಲಿಯ ಮೇಲೆ ಕುಳಿತಿದ್ದ ಅಜ್ಜಿ ಪೆನ್ಸಿಲಿನಿಂದ ಗೆರೆ ಎಳೆದಿದ್ದ ಕರಪತ್ರವನ್ನು ಮುಂದಿಟ್ಟು, ನಗುವನ್ನು ಬಹಳ ಕಷ್ಟದಿಂದ ತಡೆದುಕೊಂಡು ವಿವರಿಸಿದರು. 'ಟೇಕನ್ ಇನ್' ಎಂದರೆ ಆಶ್ರಯ ಪಡೆದವರು ಎಂಬ ಅರ್ಥ ಇರುವುದು ನಿಜವಾದರೂ, 'ಬೈ ಅವರ್ ಫ್ಯಾಮಿಲಿ' ಎಂದು ಮುಂದುವರಿದರೆ ಓದುವವರಿಗೆ ಮೊದಲು ಹೊಳೆಯುವುದು ನಮ್ಮ ಮನೆಯವರಿಂದ ಮೋಸ ಹೋದವರು ಎಂದಂತೆ. 'ಪುಟ್ ಅಪ್' ಎಂದರೆ ವಸತಿ. ಅದರ ಬಾಲಕ್ಕೆ 'ವಿತ್' ಅಂಟಿಸಿದರೆ ಬೇರೆ ದಾರಿಯಿಲ್ಲದೆ ಸಹಿಸಿಕೊಳ್ಳುವುದು. ಇನ್ನು 'ನೋನ್ ಟು ದ ಪೊಲೀಸ್' ಎಂದು ಅವರ ಊರಿನ ಪತ್ರಿಕೆಗಳು ಬರೆಯುವುದು ಠಾಣೆಯ ದಾಖಲೆಗಳಲ್ಲಿ ಹೆಸರಿರುವವರ ಬಗ್ಗೆ ಮಾತ್ರ. ಅಂದರೆ ಅತಿಥಿಗಳನ್ನು ವಂಚಿಸುತ್ತೇವೆ, ಹಾಗೂ ಹೀಗೂ ಸಹಿಸಿಕೊಳ್ಳುತ್ತೇವೆ, ಠಾಣೆಯಲ್ಲಿ ವಿಚಾರಿಸಿ ನೋಡಿ ಎಂದು ನಾವು ಐನೂರು ಪ್ರತಿಗಳಲ್ಲಿ ಒಪ್ಪಿಕೊಂಡಿದ್ದೆವು. ಇಷ್ಟು ಪ್ರಾಮಾಣಿಕವಾದ ಮನೆಯಲ್ಲಿ ಉಳಿಯದಿದ್ದರೆ ಹೇಗೆ ಎಂದುಕೊಂಡೇ ತಾನು ಬಂದದ್ದು ಎಂದರು ಅಜ್ಜಿ.

ನನ್ನ ತಪ್ಪಿಗೆ ನಾನು ಹೊಣೆ ಎಂದು ಒಪ್ಪಿಕೊಂಡೆನಾದರೂ, ಅರ್ಧದಷ್ಟನ್ನಾದರೂ ನಾನು ಕನ್ನಡದ ಮೇಲೆ ಹೊರಿಸಬೇಕು. ಹೊಯ್ಸಳರ ಕಾಲದಲ್ಲಿದ್ದ ಕೇಶಿರಾಜ 13ನೇ ಶತಮಾನದಲ್ಲಿ ಸೂತ್ರ ಹಾಕಿಕೊಟ್ಟ ನಮ್ಮ ವಿಭಕ್ತಿಗಳು ನಾಮಪದದ ಬಾಲ ಹಿಡಿದುಕೊಂಡೇ ಇರುತ್ತವೆ, ಎಲ್ಲಿಗೂ ಓಡಿಹೋಗುವುದಿಲ್ಲ. ಅದರಲ್ಲೂ ಚತುರ್ಥಿಯ 'ಗೆ' ಮಲೆನಾಡಿನ ಕತ್ತಿಯಂತೆ, ಕಸಿ ಮಾಡುವುದರಿಂದ ಹಿಡಿದು ಕಾಯಿ ಒಡೆಯುವವರೆಗೆ ಎಲ್ಲಕ್ಕೂ ಒದಗುತ್ತದೆ. ನಮಗೆ ಆಶ್ಚರ್ಯವಾಗುತ್ತದೆ, ನಮಗೆ ಬೇಸರವಾಗುತ್ತದೆ, ನಮಗೆ ಆಸಕ್ತಿಯಿದೆ. ಆಶ್ಚರ್ಯವೇ ಕರ್ತೃವಾಗಿ ನಮ್ಮ ಮನೆ ಬಾಗಿಲಿಗೆ ಬರುತ್ತದೆ, ನಾವು ಸುಮ್ಮನೆ ಕುಳಿತಿರುತ್ತೇವೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಅಲ್ಲಿ 'ನಾನು' ಎದ್ದುನಿಂತು ಆಶ್ಚರ್ಯಪಡಿಸಲ್ಪಡಬೇಕು, ಪಟ್ಟ ಮೇಲೆ 'ಸರ್‌ಪ್ರೈಸ್ಡ್' ಆದರೆ 'ಆ್ಯಟ್' ಅಥವಾ 'ಬೈ', 'ಇಂಟರೆಸ್ಟೆಡ್' ಆದರೆ 'ಇನ್', 'ಸ್ಯಾಟಿಸ್‌ಫೈಡ್' ಆದರೆ 'ವಿತ್' ಎಂದು ಒಂದೊಂದು ಭಾವಕ್ಕೂ ಒಂದೊಂದು ಸಣ್ಣ ಪದವನ್ನು ಹುಡುಕಿ ತರಬೇಕು. ನ್ಯಾಯಾಲಯದ ಮೆಟ್ಟಿಲು ಹತ್ತಿದರೂ ಬಿಡುಗಡೆಯಿಲ್ಲ: ಒಂದೇ ಕಳವಿಗೆ ಮನುಷ್ಯ 'ಅಕ್ಯೂಸ್ಡ್' ಆದರೆ 'ಆಫ್', 'ಚಾರ್ಜ್ಡ್' ಆದರೆ 'ವಿತ್'. ನನ್ನ ತಂಗಿಯ ಮದುವೆಯ ಸುದ್ದಿಯನ್ನು ಮೇಲಧಿಕಾರಿಗೆ ತಿಳಿಸುವಾಗ ನಾನು ಬರೆದದ್ದು 'ಮ್ಯಾರೀಡ್ ವಿತ್ ಎ ಪ್ಲಾಂಟರ್' ಎಂದು. 'ಟು' ಬರಬೇಕಾಗಿತ್ತೆಂದು ತಿಳಿದಾಗ ಅವಳಿಗೆ ಇಬ್ಬರು ಮಕ್ಕಳಾಗಿದ್ದರು. ವಿಚಿತ್ರವೆಂದರೆ 'ಮ್ಯಾರೀಡ್ ವಿತ್ ಟೂ ಚಿಲ್ಡ್ರನ್' ಎಂಬುದು ಸರಿಯಂತೆ.

ಒಂದು ಕಡೆ ಮಾತ್ರ ನಾನು ಇಂಗ್ಲಿಷಿಗೆ ಮೆಚ್ಚುಗೆಯಿಂದ ತಲೆಬಾಗಿದೆ. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಕಟ್ಟಿದ್ದು, ಬಳಪದ ಕಲ್ಲಿನದು ಎಂದು ನಾನು ಹೇಳಹೊರಟು 'ಮೇಡ್ ಫ್ರಮ್' ಎಂದಾಗ ಅಜ್ಜಿ ತಡೆದರು. ಕಲ್ಲು ಕಲ್ಲಾಗಿಯೇ ಕಾಣುತ್ತಿದ್ದರೆ 'ಆಫ್', ಬೀಜ ಪುಡಿಯಾಗಿ ಲೋಟದಲ್ಲಿ ಕಾಫಿಯಾಗಿ ಗುರುತು ತಪ್ಪಿದ್ದರೆ 'ಫ್ರಮ್'. ಚಿಕೋರಿ ಎಷ್ಟು ಬೆರೆತರೆ 'ಫ್ರಮ್' ಎಂಬ ಮಾತೂ ಸುಳ್ಳಾಗುತ್ತದೆಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಅಷ್ಟರಲ್ಲಿ ತಮ್ಮನ ಹೆಂಡತಿ ಕೋಣೆಯ ಹಾಸಿಗೆ ಹೊಸದು, ಅದರಲ್ಲಿ ಇನ್ನೂ ಯಾರೂ ಮಲಗಿಲ್ಲವೆಂದು ತಿಳಿಸಲು ಹೇಳಿದಳು. ಅಜ್ಜಿ ನನಗೆ ವಾಕ್ಯ ಒದಗಿಸಿದರು: 'ದ ಬೆಡ್ ಹ್ಯಾಸ್ ನಾಟ್ ಬೀನ್ ಸ್ಲೆಪ್ಟ್ ಇನ್.' ಹಾಸಿಗೆ ಕರ್ತೃವಿನ ಜಾಗದಲ್ಲಿ ಠೀವಿಯಿಂದ ಕುಳಿತಿದೆ, ಆದರೆ ಅದರ ಸಪ್ತಮಿ ವಿಭಕ್ತಿ ಮಾತ್ರ ಕೊನೆಯ ಬಸ್ಸು ತಪ್ಪಿಸಿಕೊಂಡವನಂತೆ ವಾಕ್ಯದ ತುದಿಯಲ್ಲಿ ಒಂಟಿಯಾಗಿ ನಿಂತಿದೆ. ಇದು ತಮ್ಮವರಿಗೂ ಹಿಂದೆ ಮುಜುಗರ ತಂದದ್ದೇ, ವಾಕ್ಯದ ಕೊನೆಯಲ್ಲಿ ಹೀಗೆ ಪದ ಬಿಟ್ಟದ್ದಕ್ಕಾಗಿ ಕವಿ ಜಾನ್ ಡ್ರೈಡನ್ 1672ರಲ್ಲಿಯೇ ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್‌ನ ತಪ್ಪು ಹಿಡಿದಿದ್ದ ಎಂದು ಅಜ್ಜಿ ಹೇಳಿದಾಗ, ಡ್ರೈಡನ್ ನನಗೆ ಕ್ಯೂರಿಂಗಿನ ಹಳೆಯ ಹೆಡ್ ಗುಮಾಸ್ತರಂತೆ ಕಂಡ.

ಈ ಪಾಠವೆಲ್ಲ ನಡೆಯುವಾಗ ತಮ್ಮ ಅಂಗಳದಲ್ಲಿ ಕುಳಿತು ಕಾಲಿಗೆ ಹತ್ತಿದ್ದ ಇಂಬಳಕ್ಕೆ ಉಪ್ಪು ಹಾಕುತ್ತಿದ್ದುದರಿಂದ ಅವನಿಗೆ ಏನೂ ಕೇಳಿಸಲಿಲ್ಲ. ಮೂರು ದಿನ ಕಳೆದು ಹೊರಡುವಾಗ ಅಜ್ಜಿ ಅಭಿಪ್ರಾಯ ಪುಸ್ತಕದಲ್ಲಿ ಒಂದು ಸಾಲು ಬರೆದು, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು: 'ಐ ವಾಸ್ ಟೇಕನ್ ಇನ್, ಅಂಡ್ ಮೋಸ್ಟ್ ಕೈಂಡ್ಲಿ ಪುಟ್ ಅಪ್ ವಿತ್.' ಕರಪತ್ರದ ಮಾತುಗಳನ್ನೇ ಇಂಗ್ಲೆಂಡಿನವರೂ ಬಳಸಿದ್ದು ಕಂಡು ತಮ್ಮ ಹಿಗ್ಗಿ ಹೀರೇಕಾಯಿಯಾದ. ಆ ಹಾಳೆಗೆ ಕಟ್ಟು ಹಾಕಿಸಿ ಹಜಾರದಲ್ಲಿ ಅಜ್ಜನ ಫೋಟೊದ ಪಕ್ಕಕ್ಕೆ ತೂಗುಹಾಕಿದ್ದಾನೆ, ಮತ್ತೆ ಐನೂರು ಪ್ರತಿ ಅಚ್ಚಿಗೂ ಕೊಟ್ಟಿದ್ದಾನೆ.