ಸ್ಪಷ್ಟನೆ: ಒಂದು ಡಿಎಲ್‌ಎಲ್ ಫೈಲ್ ಹಾಕಿದ ಮಾತ್ರಕ್ಕೆ ವಿಂಡೋಸ್ 7ರಲ್ಲಿ ಹೊಸ ಗೇಮ್ ಓಡುವುದಿಲ್ಲ

ವಿಂಡೋಸ್ 10ರಿಂದ ಡೈರೆಕ್ಟ್‌ಎಕ್ಸ್ 12ರ (ಗೇಮ್‌ಗಳು ಗ್ರಾಫಿಕ್ಸ್ ಕಾರ್ಡ್ ಬಳಸಲು ನೆರವಾಗುವ ಮೈಕ್ರೋಸಾಫ್ಟ್‌ನ ತಂತ್ರಾಂಶ) ಡಿಎಲ್‌ಎಲ್ ಫೈಲ್ (ಪ್ರೋಗ್ರಾಂಗಳು ಬಳಸುವ ಕೋಡ್ ಇರುವ ಫೈಲ್) ನಕಲು ಮಾಡಿ ವಿಂಡೋಸ್ 7ರ ಸಿಸ್ಟಂ ಫೋಲ್ಡರ್‌ಗೆ ಹಾಕಿದರೆ ಹೊಸ ಗೇಮ್‌ಗಳೆಲ್ಲ ಓಡುತ್ತವೆ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಆ ಫೈಲ್ ಒಂಟಿಯಾಗಿ ಏನನ್ನೂ ಮಾಡಲಾರದು. ಅದರ ಕೆಳಗೆ 2015ರಲ್ಲಿ ವಿಂಡೋಸ್ 10ರ ಜೊತೆ ಬಂದ ಹೊಸ ಡಿಸ್‌ಪ್ಲೇ ಡ್ರೈವರ್ ವ್ಯವಸ್ಥೆ, ಗ್ರಾಫಿಕ್ಸ್ ಮೆಮೊರಿಯನ್ನು ಹೊಸ ರೀತಿಯಲ್ಲಿ ಹಂಚುವ ಕರ್ನಲ್‌ನ (ವಿಂಡೋಸ್‌ನ ತಿರುಳಿನ) ಭಾಗ, ಎರಡೂ ಇರಬೇಕು. ವಿಂಡೋಸ್ 7ರಲ್ಲಿ ಇವೆರಡೂ ಇಲ್ಲ. ವಿಂಡೋಸ್‌ನ ಕಂಪ್ಯಾಟಿಬಿಲಿಟಿ ಮೋಡ್ ಹಾಕಿದರೂ ಇಲ್ಲದ ಸೌಲಭ್ಯ ಬರುವುದಿಲ್ಲ. ಅದು ಇರುವುದೇ ಹಳೆಯ ಪ್ರೋಗ್ರಾಂಗಳನ್ನು ಹೊಸ ವಿಂಡೋಸ್‌ನಲ್ಲಿ ಓಡಿಸಲು.

ಈ ಮಾತಿಗೆ ಒಂದು ನಿಜದ ಎಳೆಯೂ ಇದೆ. 2019ರಲ್ಲಿ ಮೈಕ್ರೋಸಾಫ್ಟ್ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಗೇಮ್‌ಗಾಗಿ ಡೈರೆಕ್ಟ್‌ಎಕ್ಸ್ 12ನ್ನು ವಿಂಡೋಸ್ 7ಕ್ಕೆ ತಂದಿತ್ತು. ಆದರೆ ಅದನ್ನು ಗೇಮ್ ತಯಾರಕರೇ ತಮ್ಮ ಗೇಮ್‌ನೊಳಗೆ ಅಳವಡಿಸಬೇಕಿತ್ತು, ಆಟಗಾರರು ಹೊರಗಿನಿಂದ ಸೇರಿಸುವಂಥದ್ದಲ್ಲ.

ದಯವಿಟ್ಟು ಗುರುತಿಲ್ಲದ ಜಾಲತಾಣಗಳಿಂದ ಡಿಎಲ್‌ಎಲ್ ಇಳಿಸಿಕೊಳ್ಳಬೇಡಿ. ವಿಂಡೋಸ್ 7ಕ್ಕೆ ಸಾಮಾನ್ಯ ಭದ್ರತಾ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿದೆ. ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಹೊಕ್ಕರೆ ತಡೆಯುವುದು ಕಷ್ಟ. ಗೇಮ್‌ಗಳನ್ನು ಮಾರುವ ಆನ್‌ಲೈನ್ ತಾಣ ಸ್ಟೀಮ್ ಕೂಡ 2024ರ ಜನವರಿ 1ರಿಂದ ವಿಂಡೋಸ್ 7, 8 ಮತ್ತು 8.1ಕ್ಕೆ ಬೆಂಬಲ ಕೊಡುತ್ತಿಲ್ಲ. ಗ್ರಾಫಿಕ್ಸ್ ಕಾರ್ಡ್ ವಲ್ಕನ್ (ಡೈರೆಕ್ಟ್‌ಎಕ್ಸ್‌ನಂಥದೇ ಇನ್ನೊಂದು ಗ್ರಾಫಿಕ್ಸ್ ವ್ಯವಸ್ಥೆ) ಬೆಂಬಲಿಸುತ್ತಿದ್ದರೆ, ವಿಂಡೋಸ್ ಬದಲು ಲಿನಕ್ಸ್ ಹಾಕಿ, ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಮೂಲಕ ಪ್ರಯತ್ನಿಸಬಹುದು.