ನೋಟಿನಲ್ಲಿ ಚಿಪ್ ಇತ್ತಂತೆ, ಬ್ಯಾಟರಿ ಎಲ್ಲಿತ್ತು?

2016ರ ನವೆಂಬರ್ 8ರ ರಾತ್ರಿ 500, 1000ದ ನೋಟುಗಳು ರದ್ದಾದವು. ಹೊಸ 2000ದ ನೋಟು ಕೈಗೆ ಸಿಗುವ ಮೊದಲೇ ಅದರ ಗುಣಗಾನ ವಾಟ್ಸ್ಆ್ಯಪ್‌ನಲ್ಲಿ ಮನೆಮನೆ ತಲುಪಿತ್ತು: ನೋಟಿನೊಳಗೆ ನ್ಯಾನೋ ಜಿಪಿಎಸ್ ಚಿಪ್ ಇದೆ, ಅದಕ್ಕೆ ವಿದ್ಯುತ್ ಬೇಡ, 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹ ಪತ್ತೆ ಹಚ್ಚುತ್ತದೆ. ಕೆಲವು ಟಿವಿ ಚಾನೆಲ್‌ಗಳೂ ಇದನ್ನೇ ಹೇಳಿದವು.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಸಂಕೇತ ಕಳಿಸುತ್ತವೆ, ಅಷ್ಟೇ. ಕೆಳಗೆ ಅದನ್ನು ಯಾರು ಹಿಡಿಯುತ್ತಿದ್ದಾರೆ ಅನ್ನುವುದು ಅವಕ್ಕೆ ಗೊತ್ತಾಗುವುದೇ ಇಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು ಜಾಗದ ಲೆಕ್ಕ ಹಾಕುವುದು ನಮ್ಮ ಮೊಬೈಲು. ಆ ಲೆಕ್ಕ ಇನ್ನೊಬ್ಬರಿಗೆ ತಲುಪಬೇಕಾದರೆ ಟ್ರಾನ್ಸ್‌ಮಿಟರ್, ಆಂಟೆನಾ, ಬ್ಯಾಟರಿ ಬೇಕು. ನೆಲದಾಳ ಹಾಗಿರಲಿ, ಕಾಂಕ್ರೀಟ್ ಛಾವಣಿಯ ಕೆಳಗೇ ಆ ಸಂಕೇತ ಸೊರಗುತ್ತದೆ. ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಭದ್ರತಾ ಲಕ್ಷಣಗಳ ಪಟ್ಟಿಯಲ್ಲಿ ಬಣ್ಣ ಬದಲಿಸುವ ಎಳೆ ಇತ್ತು, ಚಿಪ್ ಇರಲಿಲ್ಲ.

ಇದೆಲ್ಲ ಗೊತ್ತಿದ್ದವರೂ ಯಾಕೆ ಬಾಯಿ ಬಿಡಲಿಲ್ಲ? ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇಲ್ಲೇ ಇದೆ. "ಬ್ಯಾಟರಿ ಎಲ್ಲಿದೆ?" ಎಂದವರಿಗೆ ಎದುರಾಗುತ್ತಿದ್ದದ್ದು "ನಿಮಗ್ಯಾಕೆ ಉರಿ, ಬ್ಲ್ಯಾಕ್ ಮನಿ ಇಟ್ಟಿದ್ದೀರಾ?" ಅನ್ನುವ ಮಾತು. ತಂತ್ರಜ್ಞಾನದ ಪ್ರಶ್ನೆ ನಿಷ್ಠೆಯ ಪರೀಕ್ಷೆಯಾಯಿತು. ಇನ್ನು ಯಾರು ಕೇಳುತ್ತಾರೆ? ಒಂದೆರಡು ಸಲ ಹೀಗಾದರೆ ಕೇಳುವ ಅಭ್ಯಾಸವೇ ಬಿಟ್ಟುಹೋಗುತ್ತದೆ. ಯಾವ ಪಕ್ಷದ ಪರವಾದ ವದಂತಿಯಾದರೂ ಈ ವರಸೆ ಒಂದೇ.

ಹಾಗಾಗಿ ಇಂಥ ಮೆಸೇಜ್ ಬಂದಾಗ ಮೊದಲು ಅಳೆಯಬಹುದಾದ ಮಾತನ್ನು ಬೇರೆ ತೆಗೆಯಿರಿ. ಇಲ್ಲಿ ಅದು "120 ಮೀಟರ್", "ವಿದ್ಯುತ್ ಬೇಡ". "ದೇಶಪ್ರೇಮಿಗಳೆಲ್ಲ ಹಂಚಿ" ಎಂಬಂಥ ಸಾಲನ್ನು ಪಕ್ಕಕ್ಕಿಟ್ಟು, ಉಳಿದದ್ದನ್ನಷ್ಟೇ ಪರೀಕ್ಷಿಸಿ. ವಾಟ್ಸ್ಆ್ಯಪ್ ಮೆಸೇಜಿನ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ. ಗುರುತಿಲ್ಲದಿದ್ದರೆ ನೆಮ್ಮದಿ ಅಂತೇನಲ್ಲ. ಕಾಪಿ ಮಾಡಿ ಅಂಟಿಸಿದರೆ ಬಾಣ ಮಾಯವಾಗುತ್ತದೆ.

ಮನೆಯ ಗ್ರೂಪಿನಲ್ಲಿ ಹಿರಿಯರು ಹಾಕಿದ್ದರೆ ಎಲ್ಲರೆದುರು "ಸುಳ್ಳು" ಅನ್ನಬೇಡಿ. ಮಾನದ ಪ್ರಶ್ನೆ ಬಂದರೆ ಅವರು ಹಿಂದೆ ಸರಿಯುವುದಿಲ್ಲ. ಪ್ರತ್ಯೇಕವಾಗಿ ಫೋನ್ ಮಾಡಿ, "ದೊಡ್ಡಪ್ಪ, ಇದಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ?" ಅಂತ ಕೇಳಿ, ಯೋಚಿಸಲು ಒಂದು ದಿನ ಬಿಡಿ. ತಿದ್ದುಪಡಿ ಬರೆಯುವಾಗ ನಿಜ ಸಂಗತಿಯೇ ಮೊದಲ ಸಾಲಾಗಿರಲಿ. ಮೂಲ ಮೆಸೇಜಿನ ಸ್ಕ್ರೀನ್‌ಶಾಟ್ ಹಾಕಿದರೆ ಜನ ಚಿತ್ರವನ್ನಷ್ಟೇ ನೋಡಿ ಮುಂದೆ ಕಳಿಸುತ್ತಾರೆ.

2023ರ ಮೇ 19ರಂದು ರಿಸರ್ವ್ ಬ್ಯಾಂಕ್ 2000ದ ನೋಟುಗಳನ್ನು ಹಿಂಪಡೆಯುವುದಾಗಿ ಪ್ರಕಟಿಸಿತು. ಚಿಪ್ ಸುದ್ದಿ ಹಂಚಿದ ಗ್ರೂಪ್ ನಿಮ್ಮ ಫೋನಿನಲ್ಲಿ ಇನ್ನೂ ಇದ್ದರೆ, "ಬ್ಯಾಟರಿ ಎಲ್ಲಿತ್ತು?" ಎಂಬ ಪ್ರಶ್ನೆಯನ್ನು ಅಲ್ಲೇ ಈಗಲೂ ಕೇಳಬಹುದು.