ಗೋಡೆಯ ಮೇಲಿನ ಕಲ್ಲಿನ ರಥ

ಟೆಕ್ಸಾಸಿನಲ್ಲಿ ನಾನು ಹೋಗಿಬಂದ ಕನ್ನಡಿಗರ ಮನೆಗಳಲ್ಲೆಲ್ಲ ಹಂಪಿಯ ಕಲ್ಲಿನ ರಥವೋ ಮೈಸೂರಿನ ಅರಮನೆಯೋ ಗೋಡೆಯ ಮೇಲಿರುತ್ತದೆ. ನನ್ನ ಮನೆಯಲ್ಲೂ ರಥವಿದೆ. ಮೆಕ್ಸಿಕನ್ ಮೂಲದ ಅಮೆರಿಕನ್ ಕಲಾವಿದೆ ಕಾರ್ಮೆನ್ ಲೋಮಾಸ್ ಗಾರ್ಸಾ ಅವರ ಚಿತ್ರಗಳನ್ನು ನೋಡಿದ ಮೇಲೆ ಅದೊಂದೇ ಸಾಲದು ಅನ್ನಿಸತೊಡಗಿದೆ.

ಗಾರ್ಸಾ 1948ರಲ್ಲಿ ದಕ್ಷಿಣ ಟೆಕ್ಸಾಸಿನ ಕಿಂಗ್ಸ್‌ವಿಲ್‌ನಲ್ಲಿ ಹುಟ್ಟಿದವರು. ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಏಟು ತಿಂದ ತಲೆಮಾರು ಅವರದು. 1972ರಲ್ಲಿ ಅವರು ಲೋಹದ ತಗಡಿನ ಮೇಲೆ ಕೊರೆದು ಅಚ್ಚು ತೆಗೆದದ್ದು ಮನೆಮಂದಿಯೆಲ್ಲ ಕೂತು ಲೋಟೆರಿಯಾ ಆಡುವ ದೃಶ್ಯವನ್ನು. 54 ಚಿತ್ರದೆಲೆಗಳ ಆಟ ಅದು. ಒಬ್ಬರು ಎಲೆಯ ಹೆಸರು ಕೂಗುತ್ತಾರೆ, ಉಳಿದವರು ತಮ್ಮ ಹಲಗೆಯ 16 ಮನೆಗಳಲ್ಲಿ ಕಾಳಿಡುತ್ತಾರೆ. ಹುಣಸೆಬೀಜ ಹಿಡಿದು ಚೌಕಾಬಾರ ಆಡಿದವರಿಗೆ ಬೇರೆ ವಿವರಣೆ ಬೇಡ. ಗಾರ್ಸಾ ಅವರ 'ತಮಲಾದಾ' ಚಿತ್ರದಲ್ಲಿ ಅಡುಗೆಮನೆ ತುಂಬ ಜನ. ಎಲ್ಲರೂ ಸೇರಿ ತಮಾಲೆ ಎಂಬ ಜೋಳದ ಕಡುಬು ಮಾಡುವ ಕೂಟವೇ ತಮಲಾದಾ. ಅಜ್ಜನೂ ಮೊಮ್ಮಕ್ಕಳೂ ಮುಸುಕಿನ ಜೋಳದ ಒಣಸಿಪ್ಪೆ ನೆನೆಸುತ್ತಿದ್ದಾರೆ, ತಾಯಿ ಅದಕ್ಕೆ ಹಿಟ್ಟು ಸವರುತ್ತಿದ್ದಾರೆ. ಅಡುಗೆಗೆ ಗಂಡಸರೂ ಕೈಹಾಕಿರುವುದನ್ನು ನಾನು ಬೇಕೆಂದೇ ಎರಡು ಸಲ ನೋಡಿದೆ.

ಈ ಮನೆವಾರ್ತೆ ಬರಿಯ ಸವಿನೆನಪಲ್ಲ. ಕ್ಯಾಲಿಫೋರ್ನಿಯಾದ ಕೃಷಿಕೂಲಿಗಳ ಮನೆಯಲ್ಲಿ ಬೆಳೆದ, ಮೆಕ್ಸಿಕನ್ ಮೂಲದವರೇ ಆದ ಕಲಾವಿದೆ ಎಸ್ಟರ್ ಹೆರ್ನಾಂಡೆಜ್ 1982ರಲ್ಲಿ ಎಲ್ಲರ ಅಡುಗೆಮನೆಯಲ್ಲಿರುವ ಒಣದ್ರಾಕ್ಷಿಯ ಪೊಟ್ಟಣವನ್ನೇ ಎತ್ತಿಕೊಂಡು, ಅದರ ಮೇಲಿನ ನಗುಮೊಗದ ಹುಡುಗಿಯನ್ನು ಅಸ್ಥಿಪಂಜರವಾಗಿಸಿದರು. ತೋಟಕ್ಕೆ ಸುರಿಯುವ ಕೀಟನಾಶಕದ ವಿರುದ್ಧದ ಕೂಗು ಅದು. ರೇಷ್ಮೆಪರದೆಯ ಅಚ್ಚಾದ್ದರಿಂದ ಒಂದೇ ಚಿತ್ರ ಹಲವು ಗೋಡೆಗಳನ್ನು ಸೇರಿತು.

ಅಚ್ಚಿನ ಚಿತ್ರ ನಮಗೂ ಹೊಸದಲ್ಲ. ರವಿವರ್ಮನ ಲಕ್ಷ್ಮಿ, ಸರಸ್ವತಿಯರು ಅಚ್ಚಿನಿಂದಲೇ ನಮ್ಮ ದೇವರ ಕೋಣೆಗೆ ಬಂದರು. ಆದರೆ ನಾವು ಅಚ್ಚಿನಲ್ಲಿ ದೇವರನ್ನು ಮನೆಗೆ ತಂದೆವು. ಈ ಮೆಕ್ಸಿಕನ್ ಮೂಲದವರು ತಮ್ಮ ಮನೆಯನ್ನೇ ಅಚ್ಚಿಗೆ ಕೊಟ್ಟರು. ಕಾರಣವೂ ಇದೆ. 1848ರಲ್ಲಿ ಮೆಕ್ಸಿಕೋದ ನೆಲ ಅಮೆರಿಕದ ಪಾಲಾಗಿ ಗಡಿ ಸರಿದಾಗ ಅವರಲ್ಲಿ ಹಲವರ ಹಿರಿಯರು ಇದ್ದಲ್ಲಿಯೇ ಪರದೇಶಿಗಳಾದರು. ಮನೆಯೊಳಗಿನ ಬದುಕೇ ಅವರ ಗುರುತಾಗಿ ಉಳಿಯಿತು. ನಾವು ವೀಸಾ ಹಿಡಿದು, ಅರಮನೆಯ ಹೆಮ್ಮೆ ಹೊತ್ತು ಬಂದವರು. ಆದರೂ ನಮ್ಮ ಸಂಘದ ಸ್ಮರಣ ಸಂಚಿಕೆಯ ಮುಖಪುಟಕ್ಕೆ ಒಮ್ಮೆಯಾದರೂ ಒಂದು ಅಡುಗೆಮನೆ ಬರಲಿಲ್ಲವೆಂಬುದು ನನ್ನನ್ನು ನೋಯಿಸುತ್ತದೆ.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಾಗ ಗ್ಯಾರೇಜಿನ ಮುಂದೆ ಹಳೆಯ ಪಂಚೆ ಹಾಸಿ ಸಂಡಿಗೆ ಇಟ್ಟರು. ಇಲ್ಲಿ ಕಾಗೆಗಿಂತ ಗ್ರ್ಯಾಕಲ್ ಹಕ್ಕಿಗಳ ಕಾಟ ಹೆಚ್ಚು. ಮಗಳು ಕೋಲು ಹಿಡಿದು ಮಧ್ಯಾಹ್ನವಿಡೀ ಕಾವಲು ಕೂತಿದ್ದಳು. ಈಗ ಅವಳು ಶಾಲೆಯಲ್ಲಿ ಅಚ್ಚು ತೆಗೆಯುವ ಲಿನೋ ಹಲಗೆ ಕೊರೆಯಲು ಕಲಿಯುತ್ತಿದ್ದಾಳೆ. ಆ ಪಂಚೆಯನ್ನು, ಆ ಹಕ್ಕಿಗಳನ್ನು ಕೊರೆದುಕೊಡು ಎಂದು ಕೇಳಿದ್ದೇನೆ. ರಥದ ಪಕ್ಕದಲ್ಲಿ ಮೊಳೆ ಹೊಡೆದಾಗಿದೆ.